ನೀರು ಇಳಿದ ರಾತ್ರಿ

ಟೆಗ್ವೆನ್, ಮನೆ ಮಾರಿದವನು ನಿನಗೆ ಗೋಡೆ ತೋರಿಸಿದ,
ಗೋಡೆಗೆ ಬಳಿದ ಕೆನೆಬಣ್ಣ ತೋರಿಸಿದ.
ಕೆಳಗಿನ ನಾಲ್ಕಡಿಗೆ ಮಾತ್ರ ಎರಡು ಕೈ ಹೆಚ್ಚು ಬಳಿದದ್ದೇಕೆಂದು
ನೀನು ಕೇಳಲಿಲ್ಲ, ಅವನು ಹೇಳಲಿಲ್ಲ.
ನಾನೂ ಕೇಳಿರಲಿಲ್ಲ.
ನನ್ನ ಮನೆಯಲ್ಲಿ ಪ್ಲಗ್ಗುಗಳೆಲ್ಲ ಎದೆಮಟ್ಟದಲ್ಲಿವೆ;
ಬಗ್ಗಲಾರದ ಮುದುಕಿಯೊಬ್ಬಳು ಇದ್ದಳೇನೋ ಅಂದುಕೊಂಡಿದ್ದೆ.

ಕೂರು, ಚಹಾ ಆರುವ ಮೊದಲು ಹೇಳಿಬಿಡುತ್ತೇನೆ.

ಫೋನಿಗೆ ಮೂರು ಬಗೆಯ ಸಂದೇಶ ಬರುತ್ತವೆ.
ಮೊದಲನೆಯದು: ನೆರೆ ಬರಬಹುದು.
ಚಳಿಗಾಲದಲ್ಲಿ ಇದು ಅಂಚೆಯವನಿಗಿಂತ ಹೆಚ್ಚು ಸಲ ಬರುತ್ತದೆ.
ಬೈದುಕೋ, ಪರವಾಗಿಲ್ಲ. ಬೈಯುತ್ತಲೇ ಕಾರನ್ನು
ಚಾಪೆಲಿನ ದಿಬ್ಬಕ್ಕೆ ಒಯ್ದು ನಿಲ್ಲಿಸು,
ಮನೆಪತ್ರಗಳನ್ನು ಮಹಡಿಗೆ ಹತ್ತಿಸು.
ಎರಡನೆಯದು: ನೆರೆ ಬರುತ್ತದೆ.
ಅಷ್ಟೇ ವ್ಯತ್ಯಾಸ. ‘ಬಹುದು’ ಉದುರಿಹೋಗಿರುತ್ತದೆ.
ಉದುರಿದ ಆ ತುಂಡನ್ನು ಗಮನಿಸುವಷ್ಟು ಎಚ್ಚರವಿರಲಿ,
ನಿದ್ದೆಗಣ್ಣಿನಲ್ಲೂ.
ಮೂರನೆಯದನ್ನು ಓದುತ್ತ ಕೂರಬೇಡ.

ಉಳಿದದ್ದನ್ನು ನನಗೆ ಕಲಿಸಿದವನು ಎದುರುಮನೆಯ ಇಡ್ವಾಲ್.
ಕಲ್ಲುಗಣಿಯ ಸಿಡಿಮದ್ದು ಅವನ ಎರಡೂ ಕಿವಿ ತಿಂದಿತ್ತು.
ಸೇತುವೆಯ ಕಟ್ಟೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದ,
ಹಸುವಿನ ಬಸಿರು ಮುಟ್ಟಿ ನೋಡುವವನ ಹಾಗೆ.
ತಳದಲ್ಲಿ ಬಂಡೆ ಹೊರಳತೊಡಗಿದರೆ ಕಟ್ಟೆ ಗುನುಗುತ್ತದಂತೆ.
ನಮ್ಮ ತೊರೆ ಯಾವತ್ತೂ ಕರಿಚಹಾದ ಬಣ್ಣ, ಹೆದರಬೇಡ;
ಹಾಲು ಬೆರೆತಂತೆ ಕಂಡರೆ, ಎಲ್ಲೋ ಯಾರದೋ ಹೊಲ ಬರುತ್ತಿದೆ.
ಒಣಕಡ್ಡಿ ತೇಲಿದರೆ ತೇಲಲಿ.
ಹಸಿರೆಲೆಯ ಕೊಂಬೆ ಬಂದರೆ ದಡವೇ ಕಿತ್ತಿದೆ.
ಕಕ್ಕಸಿನ ಗುಂಡಿ ಗೊಳಗೊಳ ಅಂದರೆ
ನೀರು ಬಾಗಿಲು ಬಡಿಯದೆ ಒಳಬರುವ ದಾರಿ ಹುಡುಕುತ್ತಿದೆ.

ಆ ಫೆಬ್ರವರಿ, ಎರಡು ದಿನ ಬಿಡದ ಮಳೆ.
ಫೋನು ‘ಬಹುದು’ ಅಂದಿತ್ತು, ಸುಮ್ಮನಾಗಿತ್ತು.
ಮೇಲ್ಸೇತುವೆಯ ಮಾಪಕವನ್ನು ಹಾಸಿಗೆಯಲ್ಲೇ ನೋಡುತ್ತಿದ್ದೆ:
ಒಂದೂವರೆ ಮೀಟರು. ಒಂದು ಮುಕ್ಕಾಲು. ಎರಡು.
ಎರಡೂವರೆ ಗಂಟೆಗೆ ನೋಡಿದರೆ, ಒಂದು.
ಇಳಿಯಿತಲ್ಲ! ದೀಪ ಆರಿಸಿದೆ.

ಮಳೆ ಮಾತ್ರ ಆ ಸುದ್ದಿ ಮುಟ್ಟದವರಂತೆ
ಹೆಂಚಿನ ಮೇಲೆ ಸುರಿಯುತ್ತಲೇ ಇತ್ತು.

ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಲೆಕ್ಕ ಹಾಕಿದೆ.
ಬೀಳುವ ನೀರು ಬೀಳುತ್ತಿದೆ, ಹರಿಯುವ ನೀರು ಹರಿಯುತ್ತಿಲ್ಲ.
ಹಾಗಾದರೆ ಎಲ್ಲಿ ನಿಂತಿದೆ?
ಮೇಲೆ, ಹಳೆಯ ಟ್ರಾಮಿನ ಮೋರಿಗೆ ಮರಗಳು ಅಡ್ಡಬಿದ್ದು
ತೊರೆ ಉಸಿರು ಕಟ್ಟಿಕೊಂಡಿದೆ.

ಇಡ್ವಾಲನ ಬಾಗಿಲು ಬಡಿದೆ. ಬಡಿದೆ. ಎಂಥ ದಡ್ಡಿ ನಾನು!
ಕಿವಿಯಿಲ್ಲದವನ ಬಾಗಿಲು.
ಕಟ್ಟೆ ಗುನುಗದ ರಾತ್ರಿ ಅವನಿಗೆ ಮಗುವಿನ ನಿದ್ದೆ.
ಕೊನೆಗೆ ಅವನದೇ ಹೂಕುಂಡ ಎತ್ತಿ ಮಹಡಿಯ ಕಿಟಕಿಗೆ ಎಸೆದೆ,
ಒಡೆದ ಗಾಜಿನೊಳಕ್ಕೆ ಟಾರ್ಚು ಬಿಟ್ಟೆ.
ಉಗಿಯಲು ಇಳಿದುಬಂದ, ನನ್ನ ಮುಖ ನೋಡಿದ,
ಗೋಡೆಗೆ ಅಂಗೈ ಇಟ್ಟ. ಏನೂ ಇರಲಿಲ್ಲ.
ಆ ಏನೂ ಇಲ್ಲದ್ದಕ್ಕೆ ಅವನ ಬಾಯಿ ಒಣಗಿದ್ದನ್ನು ಕಂಡೆ.
ಹಲ್ಲಿನ ಲೋಟವೊಂದನ್ನೇ ಎತ್ತಿಕೊಂಡು ಹೊರಟ.

ದಿಬ್ಬದ ನಡುವೆ ಇದ್ದಾಗ ಫೋನು ಮಿಡಿಯಿತು, ಎರಡನೆಯದು.
ಓದಿ ಮುಗಿಸುವ ಮೊದಲೇ ಮೂರನೆಯದು.
ಅದನ್ನು ತೆರೆಯುವ ಮೊದಲೇ ಕೆಳಗೆ,
ಬೀದಿದೀಪಗಳು ಒಂದೊಂದಾಗಿ.

ನನ್ನ ಫ್ರೀಜರು ರಗ್ಬಿ ಮೈದಾನದಲ್ಲಿ ಸಿಕ್ಕಿತು,
ಒಳಗೆ ಬಟಾಣಿ ಇನ್ನೂ ಹೆಪ್ಪುಗಟ್ಟಿಯೇ ಇತ್ತು.
ಗಾಜಿನ ದುಡ್ಡು ಕೊಟ್ಟಿಲ್ಲವೆಂದು ಇಡ್ವಾಲ್ ಈಗಲೂ ಎಣಿಸಿ ತೋರಿಸುತ್ತಾನೆ,
ಬೆರಳಲ್ಲಿ.

ನಿನ್ನ ಫೋನು ಕೊಡು, ನಂಬರು ನೋಂದಾಯಿಸಿಕೊಡುತ್ತೇನೆ.
ಹಾಗೆಯೇ ಹೊರಗೆ ಬಾ ಒಂದು ನಿಮಿಷ,
ನೀನು ಮಲಗುವುದು ಯಾವ ಕಿಟಕಿಯ ಹಿಂದೆ,
ತೋರಿಸಿಡು.