ಸೊಲ್ಲು ಹಿಡಿಯುವವರು

ಗುರುವಾರ ನನ್ನ ಅಂಗಡಿ ವ್ಯಾನು
ಸೇತೊ ಸೀಮೆಯ ಕೊನೇ ಊರು ಮುಟ್ಟುವಾಗ
ಹನ್ನೊಂದು. ಹಿಮ ಬಿದ್ದಿದ್ದರೆ ಹನ್ನೆರಡು.
ಅದರಾಚೆ ಬೇಲಿ, ಬೇಲಿಯಾಚೆ ರಷ್ಯಾ.
ಎರಡು ಸಲ ಹಾರ್ನು ಒತ್ತುತ್ತೇನೆ,
ಇಡೀ ಊರಿಗೆ ಕೇಳಲಿ ಎಂದು. ಊರೆಂದರೆ
ಒಕ್ಸೆ ಅಜ್ಜಿ ಒಬ್ಬಳೇ.

ಅರ್ಧ ರೈ ಬ್ರೆಡ್ಡು, ಉಪ್ಪುಮೀನು, ಬೆಂಕಿಪೊಟ್ಟಣ,
ಬೆಕ್ಕಿಗೊಂದು ಡಬ್ಬಿ.
ಚಿಲ್ಲರೆಯನ್ನು ಒಂದೊಂದೇ ನಾಣ್ಯವಾಗಿ ಎಣಿಸುತ್ತಾಳೆ,
ಲೆಕ್ಕ ತಪ್ಪಿ ಮತ್ತೆ ಮೊದಲಿಂದ.
ತಪ್ಪುವುದು ಬೇಕೆಂದೇ ಅಂತ ತಿಳಿಯಲು
ನನಗೆ ಎರಡು ಚಳಿಗಾಲ ಹಿಡಿಯಿತು.

ಒಮ್ಮೆ ಬ್ಯಾಟರಿ ಕೈಕೊಟ್ಟಿತು, ಒಳಗೆ ಹೋಗಿ ಕೂತೆ.
ಗೋಡೆಯ ಮೇಲೆ ಫೋಟೊ: ಏಳು ಹೆಂಗಸರು,
ಎದೆಯ ಮೇಲೆ ತಟ್ಟೆಯಗಲದ ಬೆಳ್ಳಿ.
"ನಾನು ಸೊಲ್ಲೆತ್ತುತ್ತಿದ್ದೆ, ಇವರು ಹಿಡಿಯುತ್ತಿದ್ದರು.
ಕೊನೆಯಕ್ಷರ ನನ್ನ ಬಾಯಲ್ಲಿರುವಾಗಲೇ
ಬಂದು ಕೂಡಿಕೊಳ್ಳಬೇಕು, ಉಸಿರು ತೀರುವ ಮೊದಲು.
ಆಮೇಲೆ ಇಡೀ ಸಾಲನ್ನು ಅವರು ತಿರುಗಿ ಹಾಡುತ್ತಾರೆ,
ಅಷ್ಟರಲ್ಲಿ ಮುಂದಿನದನ್ನು ನಾನು ಕಟ್ಟಿಕೊಳ್ಳಬೇಕು."
ಬೆರಳಿಟ್ಟು ತೋರಿಸಿದಳು: ಮಾರ್ಪಾ, ತಾರ್ಯಾ, ಹೆಮ್ಮೊ...
ಕೊನೆಗೆ ಹೋದವಳು ಅಕುಲಿನಾ,
ಹೋದ ವರ್ಷ ಆಲೂಗಡ್ಡೆ ಕೀಳುವಾಗ.
ಅವಳ ಬೆಳ್ಳಿ ಇವಳ ಪೆಟ್ಟಿಗೆಯಲ್ಲೇ ಇದೆ,
ಕೇಳಿಕೊಂಡು ಯಾರೂ ಬಂದಿಲ್ಲ.

"ಒಬ್ಬಳೇ ಹಾಡಬಹುದಲ್ಲ?" ಅಂದೆ.
"ಹಾಡಬಹುದು. ಸಾಲು ಹೋಗುತ್ತದೆ,
ತಿರುಗಿ ಬರುವುದಿಲ್ಲ.
ಹಗ್ಗ ಕಟ್ಟದೆ ಬಾವಿಗೆ ಕೊಡ ಬಿಟ್ಟ ಹಾಗೆ."

ಆದರೂ ಎತ್ತಿದಳು. ತುಕ್ಕು ಹಿಡಿದ ಅಗುಳಿ ಸರಿದಂಥ ದನಿ:

ಬಗ್ಗಿದ ಬರ್ಚಿನ ಬಳಿ ಬಂದಾಗ ಬಾಯಿಬಿಡು...

ಅಲ್ಲೇ ನಿಂತಳು, ಆ ಕೊನೆಯ 'ಡು'ವಿನ ಮೇಲೆ,
ಬಾಗಿಲು ತೆರೆದು ಹಿಡಿದವಳ ಹಾಗೆ,
ಒಳಗಿನ ಬಿಸಿಯೆಲ್ಲ ಹೊರಗೆ ಹೋಗುತ್ತಿದ್ದರೂ.

ನನಗೆ ರಾಗ ಬಾರದು. ಶಾಲೆಯ ಮೇಳದಲ್ಲಿ ಟೀಚರು
"ಐನಾರ್, ನೀನು ತುಟಿ ಆಡಿಸಿದರೆ ಸಾಕು" ಅಂದಿದ್ದರು.
ಆಡಿಸಿಕೊಂಡೇ ಐವತ್ತು ದಾಟಿದ್ದೇನೆ.
ಹಾಡಿದೆ ಅನ್ನಲಾರೆ, ಒದರಿದೆ:
ಬಾಯಿಬಿಡು.

ಬೆಕ್ಕು ಒಲೆಯ ಮೇಲಿಂದ ಧುಮುಕಿ ಓಡಿತು.
"ತಡವಾಯಿತು," ಅಂದಳು ಅಜ್ಜಿ. "ಇನ್ನೊಮ್ಮೆ."

ಅದಾಗಿ ಮೂರು ವರ್ಷ. ಈಗಲೂ ಸ್ವಲ್ಪ ತಡವೇ,
ಅವಳ ಉಸಿರಿನ ತುದಿ ಕೈಗೆ ಸಿಕ್ಕಂತಾಗಿ ಜಾರುತ್ತದೆ.
ಸಾಲು ಮಾತ್ರ ತಿರುಗಿ ಬರುತ್ತದೆ, ಅಲ್ಲಲ್ಲಿ ಜಜ್ಜಿಕೊಂಡು.
ಚಿಲ್ಲರೆಯನ್ನು ಒಂದೇ ಸಲಕ್ಕೆ ಸರಿಯಾಗಿ ಎಣಿಸಿಕೊಡುತ್ತಾಳೆ.

ವಾಪಸು ದಾರಿಯ ಊರುಗಳಿಗೆ ಬ್ರೆಡ್ಡು ಹೊತ್ತುಮೀರಿ ತಲುಪುತ್ತದೆ.
ಯಾಕೆಂದು ಮಾಲೀಕರು ಕೇಳಿದರೆ
ಹಿಮ ಅನ್ನುತ್ತೇನೆ,
ಜುಲೈಯಲ್ಲೂ.