ಬೇಡದ ದಾರಿ

ಗ್ರಿಮ್ಸ್‌ಬಿಯ ಮೈದಾನಕ್ಕೆ ಸಂಜೆಯಾದರೆ ಮೀನಿನ ವಾಸನೆ.
ವಿನಿಫ್ರೆಡ್ ಥ್ರಾಪ್ ಕೋನ್‌ಗಳನ್ನು ಇಡುತ್ತ ಬರುತ್ತಾಳೆ;
ಬಗ್ಗಿದಾಗಲೆಲ್ಲ ಎಡಮಂಡಿ
ಹಳೇ ಕದದ ಹಾಗೆ ಕಿರ್ರೆನ್ನುತ್ತದೆ.

ಹದಿನಾಲ್ಕು ವರ್ಷ ಡಿಫೆಂಡರ್.
ಹೊಡೆದದ್ದು ಎರಡೇ ಗೋಲು,
ಒಂದು ತನ್ನದೇ ಬಲೆಗೆ.
ಊರು ನೆನಪಿಟ್ಟಿರುವುದು ಅದನ್ನೇ.
ತಡೆದವುಗಳ ಲೆಕ್ಕ ಮಂಡಿಯ ಹತ್ತಿರ ಇದೆ.

"ಚೆಂಡಿಗೆ ಮುಗಿಬೀಳಬೇಡ್ರೇ," ಅನ್ನುತ್ತಾಳೆ,
"ಓರೆಯಾಗಿ ನಿಲ್ಲಿ. ದಾರಿ ಬಿಡಿ,
ಅವಳಿಗೆ ಬೇಡದ ದಾರಿ."
ಹುಡುಗಿಯರು ಹಿಂದುಹಿಂದಕ್ಕೆ ಓಡುತ್ತಾರೆ
ಒಬ್ಬರ ಮೇಲೊಬ್ಬರು ಬೀಳುತ್ತ.

ಬೇಲಿಯಾಚೆ ನಾನು, ಹಗಲುಪಾಳಿಯ ಸಮವಸ್ತ್ರದಲ್ಲೇ,
ಮಗಳ ಜಾಕೆಟ್ ಹಿಡಿದು.

ಮನೆಯಲ್ಲಿ ಆ ಮಗಳು
ಕೋಣೆಯ ಬಾಗಿಲಲ್ಲಿ ಓರೆಯಾಗಿ ನಿಂತಳು,
ಬೆನ್ನ ಹಿಂದೆ ಏನೋ.
ಕೇಳಬೇಕೆಂದೇ ಹೋದವಳು
ಅವಳು ಬಿಟ್ಟ ಸಂದಿಯಲ್ಲಿ ನುಸುಳಿ
ಸೀದಾ ಸಿಂಕಿನ ಮುಂದೆ.
ಬಹಳ ಹೊತ್ತು ಒಂದೇ ಲೋಟ ತೊಳೆದೆ.