ಕಲಾಯಿ ತೆಗೆಯುವುದು

ಡಾಂಬರು ತಂದ ಹಡಗು ಬೈತಖೋಲದಲ್ಲಿ ನಿಂತು ಮೂರು ದಿನ.
ಅದರ ಅಡುಗೆಯವನನ್ನು ಕರಕೊಂಡು ಬಂದ
ಏಜೆಂಟರ ಹುಡುಗ, ಸುಹಾಸ ತಾಂಡೇಲ:
"ದೇವಿದಾಸಣ್ಣ, ಇವ ತುರ್ಕಿಯವ. ಬೆಳಗಿಂದ ಒಂದೇ ಮಾತು,
ಕಲಾಯ್, ಕಲಾಯ್ ಅಂತ."

ನನ್ನ ಕಸುಬಿನ ಮಾತು ಅವನ ಬಾಯಿಗೆ ಹೇಗೆ ಬಂತು?
ತವರ ಹೊತ್ತ ಯಾವ ಹಡಗಿನಿಂದ ಇಲ್ಲಿ ಇಳಿಯಿತೋ,
ಇಲ್ಲಿಂದಲೇ ಹತ್ತಿ ಹೋಯಿತೋ.
ನಾನು ನಕ್ಕೆ. ಅವನು ನಗಲಿಲ್ಲ.

ಟವೆಲು ಬಿಚ್ಚಿದ. ತಾಮ್ರದ ಸಣ್ಣ ಕೊಳಗ.
ಒಳಗೂ ಕಲಾಯಿ, ಹೊರಗೂ ಕಲಾಯಿ.
ಹೊರಗೆ ಯಾರು ಹಾಕಿಸುತ್ತಾರೆ ಮಾರಾಯ, ದುಡ್ಡು ಹೆಚ್ಚಾದವರು?
"ಹಾಕುವುದಲ್ಲವಂತೆ," ಅಂದ ಸುಹಾಸ. "ತೆಗೀಬೇಕಂತೆ."

ನಲವತ್ತೊಂದು ವರ್ಷದಲ್ಲಿ ಈ ಕೆಲಸ ಯಾರೂ ಕೇಳಿದ್ದಿಲ್ಲ.

ಇದ್ದಿಲು ಕೆಂಪಾಗುವವರೆಗೆ ಅವನು ಹೇಳುತ್ತ ಹೋದ,
ಅವನ ಹರಕು ಇಂಗ್ಲಿಷು, ಸುಹಾಸನ ಅರ್ಧ ಕೊಂಕಣಿ:
ಹರ್ಪುತ್ ಕಡೆಯ ಹಳ್ಳಿ. ಮುತ್ತಜ್ಜನ ಮನೆಗೆ ಒಂದೇ ಬೇಸಿಗೆಯಲ್ಲಿ
ಬಂದವು ಪಕ್ಕದವರ ಬಾವಿ, ಎರಡು ಹಿಪ್ಪುನೇರಳೆ ಮರ,
ಈ ಪಾತ್ರೆ, ಮತ್ತೆ ಏಳು ವರ್ಷದ ಒಂದು ಹುಡುಗಿ.
ಪಾತ್ರೆಗೆ ಕಲಾಯಿ ಹಾಕಿಸಿದರು. ಹುಡುಗಿಗೆ ಬೇರೆ ಹೆಸರಿಟ್ಟರು.
ದೊಡ್ಡವಳಾಗಿ ಅವಳು ಇವನ ಅಜ್ಜಿಯಾದಳು.

"ಪಕ್ಕದವರು?"
"ಹೋದರು ಅಂತ ಕಲಿಸಿದರಂತೆ ಶಾಲೆಯಲ್ಲಿ."
ಹೋದರು ಅಂದರೆ ಊರು ಬಿಟ್ಟು ಹೋದರೋ, ಹೋಗಿಯೇ ಬಿಟ್ಟರೋ?
ಸುಹಾಸ ಇದನ್ನು ಇಂಗ್ಲಿಷಿಗೆ ದಾಟಿಸಲಾರದೆ ತೊದಲಿದ.
ಅಡುಗೆಯವನಿಗೆ ಹೇಗೋ ತಿಳಿಯಿತು. ಎರಡು ಬೆರಳು ಎತ್ತಿದ.
ಎರಡನೆಯದು.

ತಿದಿ ಒತ್ತಿದೆ. ತವರ ಮೊದಲು ಬೆವರಿತು,
ಆಮೇಲೆ ನೀರಾಯಿತು. ಹತ್ತಿಯುಂಡೆಯಲ್ಲಿ ಒರೆಸಿದೆ,
ಮತ್ತೆ ಕಾಯಿಸಿದೆ, ಮತ್ತೆ ಒರೆಸಿದೆ.
ಕಂಠದ ಕೆಳಗೆ ಎದ್ದು ಬಂತು ಒಂದು ಸಾಲು:
ಒಂದು ಕೊಕ್ಕೆ, ಒಂದು ಕುಡಗೋಲು, ಕಾಲು ಮಡಿಸಿ ಕೂತ ಏನೋ ಒಂದು.
ಮೂವರಿಗೂ ಓದಲು ಬಾರದು.
ಅವನು ಬೆರಳಿಟ್ಟ. ಸುಡುತ್ತಿತ್ತು. ತೆಗೆಯಲಿಲ್ಲ.
ಸಾಯುವ ಮೊದಲು ಅಜ್ಜಿ ಕತ್ತಲಲ್ಲಿ ಹೇಳಿದ ಹೆಸರು ಇರಬಹುದು,
ಅವಳ ತಾಯಿಯದು ಇರಬಹುದು,
ತಾಮ್ರದಂಗಡಿಯವನದೂ ಇರಬಹುದು.
"ನಾವೇನೂ ಮಾಡಿಲ್ಲ, ಪಾತ್ರೆ ಸುಮ್ಮನೆ ಬಿದ್ದಿತ್ತು
ಅನ್ನುತ್ತಿದ್ದನಂತೆ ಇವನ ಅಪ್ಪ. ಯಾರೂ ಕೇಳದಿದ್ದರೂ ಅನ್ನುತ್ತಿದ್ದನಂತೆ."

ಇನ್ನೂರು ರೂಪಾಯಿ ಅಂದೆ. ಕೊಟ್ಟ. ತೆಗೆದುಕೊಂಡೆ.

ಸುಹಾಸನಿಗೆ ಹೇಳದೆ ಉಳಿಸಿಕೊಂಡದ್ದು ಇದು:
ಗಲಾಟೆಯ ವರ್ಷ, ಕರ್ಫ್ಯೂ ಸಡಿಲಾದ ಒಂದು ಸಂಜೆ
ತೆಂಕಣ ಕಡೆಯಿಂದ ಬಂದ ಟೆಂಪೋ ಎರಡು ಗೋಣಿ ಇಳಿಸಿತು.
ಹಂಡೆ, ತಪ್ಪಲೆ, ಬಿಂದಿಗೆ, ಮಕ್ಕಳು ಹಾಲು ಕುಡಿಯುವ ಲೋಟ.
ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು.
"ಹೆಸರಿಗೆ ಮೂರು ರೂಪಾಯಿ, ದೇವಿದಾಸ. ಬೆಳಗಾಗುವುದರೊಳಗೆ."
ಯಾರವು ಅಂತ ಕೇಳಲಿಲ್ಲ. ಓದಲು ಬರುತ್ತಿತ್ತಲ್ಲ.
ಅರ ತೆಗೆದು ಉಜ್ಜಿದೆ.
ಮೂವತ್ತೆಂಟು ಹೆಸರು, ನೂರಾ ಹದಿನಾಲ್ಕು ರೂಪಾಯಿ.
ಮಗಳಿಗೆ ರೇನ್‌ಕೋಟ್ ಕೊಂಡೆ, ಹಳದಿಯದು.

ಕಲಾಯಿ ಮುಚ್ಚುತ್ತದೆ. ಅರ ತಿನ್ನುತ್ತದೆ.
ತುರ್ಕಿಯವನನ್ನು ಪುಣ್ಯವಂತ ಅನ್ನಲಾರೆ,
ಆದರೂ ಅವನಿಗೆ ಕಾಯಿಸಿ ಒರೆಸಲು ಒಂದು ಪಾತ್ರೆ ಇತ್ತು.

ದೇವಗಡದ ದೀಪ ದಾಟಿ ಹಡಗು ಹೋಯಿತು ಇವತ್ತು.
ಅಂಗಡಿಯ ಶಟರು ಅರ್ಧ ಎಳೆದೆ,
ತಾಮ್ರದ ಒಂದು ತುಂಡು ತಗಡು ಹುಡುಕಿದೆ,
ಮೊಳೆ ಹಿಡಿದು ಕೂತೆ. ಒಂದೇ ಒಂದು ನೆನಪಿದೆ,
ದೊಡ್ಡ ತಪ್ಪಲೆಯದು, ಸುತ್ತ ಮಲ್ಲಿಗೆ ಬಳ್ಳಿ ಕೊರೆದಿತ್ತು:
ಜುಲೈಖಾ.
ಮೊದಲ ಅಕ್ಷರ ಮುಗಿಸಿ ಸುತ್ತಿಗೆ ನಿಂತಿತು.
ಲೈ ಎಂದಿತ್ತೋ, ಲೇ ಎಂದಿತ್ತೋ?
ಉಜ್ಜಿದ ಕೈ ಇದೇ. ಇದಕ್ಕಾದರೂ ಗೊತ್ತಿರಬೇಕಿತ್ತು.